ಬಾವಿ ಮೀನಿಗೆ ಬಿದ್ದ ಮತ

ಮೂರನೆಯ ಸಲವೂ ಬೇಡ ಅಂತಲೇ ಉತ್ತರ ಬಂದಾಗ ಮಿಣುಕಿ ಗಿರಾಕಿಯೊಬ್ಬರ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿದ್ದಳು. ಕೌಂಟರಿನ ಮೇಲಿದ್ದ ಫೋನು ಒಮ್ಮೆ ನಡುಗಿ ಬೆಳಗಿತು. ಕಣ್ಣು ಅತ್ತ ಹೋಯಿತು, ಕೈ ಇತ್ತ ಬಿಗಿಯಾಯಿತು.

"ಕಿವಿ ನನಗಿನ್ನೂ ಬೇಕು ತಾಯಿ," ಅಂದರು ಗಿರಾಕಿ, ಒಬ್ಬ ನಿವೃತ್ತ ಮೇಷ್ಟ್ರು. "ಅದನ್ನೂ ಬಿಚ್ಚಿ ಡಬ್ಬಿಗೆ ಹಾಕಿಬಿಡಬೇಡ."

ಅವಳು ತಪ್ಪಾಯ್ತು ಅಂತ ಹೇಳಿ ಕಡ್ಡಿ ಸಡಿಲಿಸಿದಳು. ಮೇಷ್ಟ್ರು ಕನ್ನಡಿ ನೋಡಿಕೊಳ್ಳುವಷ್ಟರಲ್ಲಿ ಫೋನು ಎತ್ತಿ ಓದಿದಳು. 'ಸಾಧಾರಣ ಗೋಡೆ. ಆ ಜಾಗದಲ್ಲಿ ಇಂಥದ್ದು ಇದೆ ಎಂಬ ಖಾತ್ರಿ ಇಲ್ಲ. ಉಳಿಯುವಂಥದ್ದಾಗಿ ಕಾಣುವುದಿಲ್ಲ.' ಅಷ್ಟೇ. ಕೆಳಗೆ ಯಾರ ಹೆಸರೂ ಇಲ್ಲ.

ಮುಖ ಕೆಂಪಾದದ್ದು ಅಂಗಡಿಯ ಎಲ್ಲ ಕನ್ನಡಿಗಳಲ್ಲೂ ಒಟ್ಟಿಗೆ ಕಂಡಿತು.

"ಏನಮ್ಮ, ಯಾರಾದ್ರೂ ಹೋಗಿಬಿಟ್ಟರಾ?" ಅಂತ ಕೇಳಿದರು ಒಳಗಿನಿಂದ ಅಂಗಡಿಯ ಯಜಮಾನರು.

"ಇಲ್ಲ ಸರ್. ಕಳಿಸಬೇಕು. ಯಾರನ್ನ ಅಂತ ಗೊತ್ತಾಗ್ತಿಲ್ಲ."

ಅವಳ ಸಿಟ್ಟಿನ ಬೇರು ಒಂದು ಆಟದಲ್ಲಿತ್ತು. ಫೋನಿನಲ್ಲಿ ಆಡುವ ಆಟವೇ, ಆದರೆ ಸೋಫಾದಲ್ಲಿ ಕಾಲು ಚಾಚಿ ಆಡುವಂಥದ್ದಲ್ಲ. ಫೋನು ಹಿಡಿದು ಬೀದಿ ಬೀದಿ ತಿರುಗಬೇಕು. ಊರಿನಲ್ಲಿರುವ ನಿಜವಾದ ಕಾರಂಜಿ, ನಿಜವಾದ ಪ್ರತಿಮೆ, ಗೋಡೆಯ ಮೇಲಿನ ಚಿತ್ರ, ಹಳೇ ಗಡಿಯಾರದ ಕಂಬ, ಎಲ್ಲವೂ ಆಟದ ನಕ್ಷೆಯಲ್ಲಿ ಮಿನುಗುವ ಠಾಣೆಗಳು. ಹತ್ತಿರ ಹೋಗಿ ನಿಂತವರ ತಂಡಕ್ಕೆ, ಆಟದ ಮಾತಲ್ಲಿ ದಂಡಿಗೆ, ಆ ಠಾಣೆ ಸೇರುತ್ತದೆ. ಹೊಸ ಠಾಣೆ ಬೇಕೆಂದರೆ ಫೋಟೊ ತೆಗೆದು, ಹೆಸರಿಟ್ಟು, ಎರಡು ಸಾಲು ಬರೆದು ಕಳಿಸಬೇಕು. ಒಪ್ಪುವುದು ಬಿಡುವುದು ಮೊದಲಿಗೆ ಕಂಪನಿಯವರ ಕೈಯಲ್ಲಿಲ್ಲ, ಪರಿಶೀಲಕರ ಕೈಯಲ್ಲಿದೆ. ಪರಿಶೀಲಕರೆಂದರೆ ಇವಳಂಥ ಆಟಗಾರರೇ. ಎಲ್ಲೋ ಬಸ್ಸಿನಲ್ಲಿ ನೇತಾಡುತ್ತ, ಎಲ್ಲೋ ಹಲ್ಲುಜ್ಜುತ್ತ, ಯಾರದೋ ಬೀದಿಯ ಯಾವುದೋ ಕಲ್ಲಿಗೆ ಹೌದು, ಇಲ್ಲ ಅಂತ ಒತ್ತುವವರು.

ಮೇಲ್ಸೇತುವೆಯ ಆಚೆ ಠಾಣೆಗಳು ಬಿತ್ತಿದ ಹಾಗೆ ಬೆಳೆದಿದ್ದವು. ಅಪಾರ್ಟ್‌ಮೆಂಟಿನ ಈಜುಕೊಳದ ಪ್ಲಾಸ್ಟಿಕ್ ಡಾಲ್ಫಿನ್ ಒಂದು ಠಾಣೆ. ಜಿಮ್ಮಿನ ಬಾಗಿಲಲ್ಲಿ ನಿಲ್ಲಿಸಿದ್ದ ತೋಳುಬ್ಬಿದ ಗೊಂಬೆ ಇನ್ನೊಂದು. ಸೇತುವೆಯ ಈಚೆ, ಮಿಣುಕಿಯ ಓಣಿಯ ಕಡೆ, ನಕ್ಷೆ ಬರೀ ಬೂದಿ ಬಣ್ಣ. ಮನುಷ್ಯರೇ ಹುಟ್ಟದ ನೆಲದ ಹಾಗೆ.

ಆದರೆ ಓಣಿಯಲ್ಲಿ ಮೀನು ಇತ್ತಲ್ಲ.

ಓಣಿ ತಿರುಗುವ ಕಡೆ ಮೇಲಿನ ರಸ್ತೆ ಕುಸಿಯದ ಹಾಗೆ ಕಟ್ಟಿದ ಉದ್ದನೆಯ ಗೋಡೆಯೊಂದಿತ್ತು. ಮೊದಲು ಅದರ ಬುಡಕ್ಕೆ ಕಸ ಬೀಳುತ್ತಿತ್ತು, ಗಂಡಸರು ಮುಖ ಆ ಕಡೆ ಮಾಡಿ ನಿಲ್ಲುತ್ತಿದ್ದರು. ಅಂಥ ಗೋಡೆಗೆ ಮಿಣುಕಿಯ ದೊಡ್ಡಮ್ಮ ಟೈಲ್ಸ್ ಚೂರು ಮೆತ್ತಲು ಶುರು ಮಾಡಿದಳು. ದೊಡ್ಡಮ್ಮ ಪ್ರಾಯವನ್ನೆಲ್ಲ ಟೈಲ್ಸ್ ಕೆಲಸದಲ್ಲಿ ಕಳೆದವಳು. ಹಾಕುವವಳಾಗಿ ಅಲ್ಲ, ಕೈಯಾಳಾಗಿ. ಪೆಟ್ಟಿಗೆ ಹೊತ್ತು ಮಹಡಿ ಹತ್ತುವುದು, ಗಾರೆ ಕಲಸುವುದು, ಸಂದಿಗೆ ಬಿಳಿ ಸಿಮೆಂಟು ತುಂಬಿ ಒರೆಸುವುದು. ಕರಣೆ ಹಿಡಿಯುವವರು ಮೇಸ್ತ್ರಿಗಳು. "ನೀನೊಂದು ಹಾಕಿ ನೋಡು" ಅಂತ ಒಬ್ಬ ಮೇಸ್ತ್ರಿಯೂ ಒಂದು ದಿನಕ್ಕೂ ಹೇಳಲಿಲ್ಲ. ಮಂಡಿ ಸವೆದು ಕೆಲಸ ಬಿಟ್ಟ ಮೇಲೆ, ಅವರಿವರ ಮನೆ ಕಟ್ಟುವಾಗ ಎತ್ತಿಟ್ಟುಕೊಂಡಿದ್ದ ಚೂರುಗಳ ಮೂಟೆ ಬಿಚ್ಚಿ, ಈ ಗೋಡೆಯ ಮುಂದೆ ಗೋಣಿಚೀಲ ಹಾಸಿ ಕೂತಳು.

ಚೂರುಗಳಿಂದ ಎದ್ದದ್ದು ಕಾಲಿರುವ ಮೀನು. ಯಾರದೋ ಅಡುಗೆಮನೆಯ ಹಸಿರು, ಯಾರದೋ ಬಚ್ಚಲಿನ ನೀಲಿ, ಯಾವುದೋ ಆಸ್ಪತ್ರೆಯ ಬಿಳಿ. ಮೈ ತುಂಬ ಹೊಳೆಯುವ ಮೀನು ಎರಡು ಗಟ್ಟಿ ಕಾಲಿನ ಮೇಲೆ, ತಲೆಯ ಮೇಲೊಂದು ಕೊಡ ಹೊತ್ತು, ಓಣಿಯ ಏರಿನಲ್ಲಿ ನಡೆದು ಹೋಗುತ್ತಿತ್ತು.

ಆ ಮೀನಿನ ಕಥೆ ಮಿಣುಕಿಗೆ ಬಾಯಿಪಾಠ. ಚಿಕ್ಕವಳಿದ್ದಾಗ ಅಮ್ಮ ಕೆಲಸಕ್ಕೆ ಹೋದರೆ ದೊಡ್ಡಮ್ಮನ ಮಡಿಲಲ್ಲಿ ಮಲಗಿ, ಕಣ್ಣು ಪಿಳಿಪಿಳಿ ಮಾಡುತ್ತ ಕೇಳಿದ ಕಥೆ. ಹಾಗೆ ಪಿಳಿಪಿಳಿ ಮಾಡಿದ್ದಕ್ಕೇ ಮಿಣುಕಿ ಅನ್ನೋ ಹೆಸರು ಅಂಟಿಕೊಂಡಿತು. ಒಂದು ಬಾವಿಯಲ್ಲಿ ಒಂದು ಮೀನಿತ್ತಂತೆ. ಸಮುದ್ರ ತನ್ನ ದೊಡ್ಡ ನೆಂಟ ಅಂತ ಅದಕ್ಕೆ ಯಾರೋ ಹೇಳಿದ್ದರಂತೆ. ನೆಂಟ ಆದವನು ಒಂದು ದಿನಕ್ಕಾದರೂ ನಮ್ಮನೆ ಕಡೆ ಯಾಕೆ ತಲೆ ಹಾಕಲಿಲ್ಲ, ಎದುರಿಗೇ ನಿಂತು ಕೇಳಿಬಿಡ್ತೀನಿ ಅಂತ ಮೀನು ಹಟ ಹಿಡಿಯಿತಂತೆ. ಹಟ ಹೆಚ್ಚಾಗಿ ಹೆಚ್ಚಾಗಿ ಕಾಲು ಮೂಡಿದವಂತೆ. ತಲೆ ಮೇಲೆ ಕೊಡ ಹೊತ್ತು ಹೊರಟಿತು. ಉಸಿರು ಕಟ್ಟಿದಾಗ ಕೊಡ ಇಳಿಸಿ, ಅದರೊಳಗೆ ಮೂತಿ ಅದ್ದಿ, ಮತ್ತೆ ಹೊತ್ತು ನಡೆಯೋದು. "ಸಿಕ್ಕಿತಾ ಸಮುದ್ರ?" ಅಂತ ಮಿಣುಕಿ ಕೇಳಿದಾಗೆಲ್ಲ, "ಇನ್ನೂ ದಾರೀಲಿದೆ, ಮಲಗು" ಅನ್ನೋಳು ದೊಡ್ಡಮ್ಮ.

ಈಗ ಆ ಮೀನು ಇಡೀ ಊರಿಗೆ ಕಾಣಲಿ ಅನ್ನುವುದು ಮಿಣುಕಿಯ ಹಟ. ದೊಡ್ಡಮ್ಮ ಒರೆಸಿ ಹೊಳಪಿಸಿದ ನೆಲ ಊರ ತುಂಬ ಇದ್ದರೂ ಅವಳದು ಅಂತ ತೋರಿಸಲು ಒಂದು ಗೇಣೂ ಇಲ್ಲ. ಈ ಗೋಡೆಯೊಂದೇ. "ನೋಡ್ತಿರು, ಎಲ್ಲೆಲ್ಲಿಂದಲೋ ಬಂದು ನಿನ್ನ ಮೀನಿನ ಮುಂದೆ ನಿಂತ್ಕೋತಾರೆ" ಅಂತ ಮಾತು ಕೊಟ್ಟುಬಿಟ್ಟಿದ್ದಳು.

ಮೊದಲ ಸಲ ಕಳಿಸಿದ ಫೋಟೊದಲ್ಲಿ ದೊಡ್ಡಮ್ಮ ಸೆರಗು ಸರಿ ಮಾಡಿಕೊಂಡು ಮೀನಿನ ಪಕ್ಕ ನಿಂತಿದ್ದಳು. ಫೋಟೊದಲ್ಲಿ ಮನುಷ್ಯರು ಇರಬಾರದು ಅಂತ ವಾಪಸು ಬಂತು. ಎರಡನೆಯದರಲ್ಲಿ ಬೀದಿನಾಯಿಯೊಂದು ಗೋಡೆಯ ಬುಡದಲ್ಲಿ ನಿದ್ದೆ ಹೊಡೆಯುತ್ತಿತ್ತು. ಪ್ರಾಣಿಗಳನ್ನು ಠಾಣೆ ಮಾಡಲು ಬರುವುದಿಲ್ಲ ಅಂದರು. "ಆ ನಾಯಿ ಅಷ್ಟು ಚೆನ್ನಾಗಿತ್ತಾ?" ಅಂತ ಅಮ್ಮ ಇಸ್ತ್ರಿ ಮಾಡುತ್ತಲೇ ನಕ್ಕಿದ್ದಳು. ಆಗ ಮಿಣುಕಿಗೂ ನಗು ಬಂದಿತ್ತು. ಮೂರನೆಯದಕ್ಕೆ ಮಾತ್ರ ನಗು ಬರಲಿಲ್ಲ.

ಪರಿಶೀಲಕರ ತೀರ್ಮಾನ ಸರಿಯಿಲ್ಲ ಅನ್ನಿಸಿದರೆ ಕಂಪನಿಯವರೇ ನೋಡಲಿ ಅಂತ ಕೇಳಲು ಒಂದು ದಾರಿಯಿತ್ತು; ಅಂಗಡಿ ಮುಚ್ಚುವ ಮೊದಲೇ ಅವಳು ಕಂಪನಿಗೆ ಮೇಲ್ಮನವಿ ಹಾಕಿದಳು. ಹಲ್ಲು ಕಚ್ಚಿಕೊಂಡು ನಾಲ್ಕು ಸಾಲು ಬರೆದಳು. ಬರೆದರೂ ಉರಿ ಆರಲಿಲ್ಲ. ಮನೆಗೆ ಹೋದವಳೇ, ಬೈದು ಹಗುರಾಗೋಣ ಅಂತ, ಬಂದ ಉತ್ತರವನ್ನು ಅಕ್ಷರ ಬಿಡದ ಹಾಗೆ ದೊಡ್ಡಮ್ಮನ ಮುಂದೆ ಓದಿದಳು.

ದೊಡ್ಡಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದಳು. ಬೈಯಲಿಲ್ಲ. ಬದಲು, "ಇನ್ನೊಂದ್ಸಲ ಓದು" ಅಂದಳು.

ಮಿಣುಕಿ ಓದಿದಳು.

"ಎಷ್ಟು ಜನ ನೋಡಿದಾರೆ?"

"ಇರ್ತಾರೆ ಹತ್ತಾರು ಜನ."

"ಅವರವರು ಮಾತಾಡ್ಕೊಂಡಿದಾರಾ?"

"ಇಲ್ಲ. ಒಬ್ಬರಿಗೊಬ್ಬರು ಗುರುತೇ ಇರಲ್ಲ. ಯಾವನೋ ಎಲ್ಲೋ ಕೂತಿರ್ತಾನೆ."

"ನಿನಗೂ ಗುರುತಿಲ್ಲ, ನನಗೂ ಗುರುತಿಲ್ಲ."

"ಅದೇ ಹೇಳ್ತಿರೋದು. ಹೆಸರಿಲ್ಲದ ಮುಂಡೇವು."

"ಹೂಂ," ಅಂದಳು ದೊಡ್ಡಮ್ಮ. ಆ ಹೂಂ ಎಂಥದ್ದು ಅಂತ ಮಿಣುಕಿ ಕೇಳಲಿಲ್ಲ. ಅವಳ ಕಿವಿಯಲ್ಲಿ ಅವಳ ಸಿಟ್ಟೇ ಗುಂಯ್‌ಗುಡುತ್ತಿತ್ತು.

ಮಾರನೆಯ ಸಂಜೆ ಅವಳು ಓಣಿಗೆ ತಿರುಗುವಾಗ ಟಣ್ ಟಣ್ ಅಂತ ಕಬ್ಬಿಣದ ಸದ್ದು ಕೇಳಿಸಿತು. ಯಾರೋ ನಲ್ಲಿ ರಿಪೇರಿ ಮಾಡ್ತಿರಬೇಕು ಅಂದುಕೊಂಡಳು. ತಿರುವಿಗೆ ಬಂದು ನೋಡಿದರೆ ದೊಡ್ಡಮ್ಮ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಮೀನಿನ ಒಂದು ಕಾಲು ಪೂರ್ತಿ ಹೋಗಿತ್ತು. ಎರಡನೆಯದು ಮಂಡಿಯವರೆಗೆ.

ಮಿಣುಕಿ ಓಡಿ ಹೋಗಿ ಸುತ್ತಿಗೆ ಹಿಡಿದುಕೊಂಡಳು. "ಏನು ಮಾಡ್ತಿದೀಯ? ತಲೆ ಕೆಟ್ಟಿದೆಯಾ ನಿನಗೆ?"

"ಬಿಡು, ಕೈಗೆ ಬಿದ್ದೀತು."

"ಯಾಕೆ ಕೀಳ್ತಿದೀಯ ಅಂತ ಕೇಳ್ತಿದೀನಿ."

ಅದರಲ್ಲಿ ಕೇಳೋಕೆ ಏನಿದೆ ಅನ್ನುವ ಹಾಗೆ ದೊಡ್ಡಮ್ಮ ನೋಡಿದಳು. "ಪಾಸಾಗಲಿಲ್ಲವಲ್ಲ. ಪಾಸಾಗದ ಕೆಲಸ ಗೋಡೆ ಮೇಲೆ ಇಟ್ಕೊಂಡು ಕೂರ್ತಾರಾ? ಬಂದು ನೋಡಿದವರು ಬೇಡ ಅಂದರು ಅಂದ್ರೆ ಕಿತ್ತು ಮತ್ತೆ ಹಾಕಬೇಕು. ನಮ್ಮ ಕೆಲಸ ಇರೋದೇ ಹಾಗೆ."

"ಅವರು ಯಾರೂ ಬಂದು ನೋಡಿಲ್ಲ ದೊಡ್ಡಮ್ಮ. ಅವರೇನು ಎಂಜಿನಿಯರ್‌ಗಳಾ? ನನ್ನ ಥರದವರು. ನಾನೂ ಅದನ್ನೇ ಮಾಡೋದು, ಗುಂಡಿ ಒತ್ತೋದು."

"ಯಾರಾದ್ರೇನು. ಗುರುತಿರೋರು ಮುಲಾಜಿಗೆ ಚೆನ್ನಾಗಿದೆ ಅಂತಾರೆ. ನೀನು ಅಂತೀಯ, ನಿನ್ನಮ್ಮ ಅಂತಾಳೆ. ಓಣಿಯವರು ಎದುರಿಗೆ ಸಿಕ್ಕಾಗ ಇನ್ನೇನಂದಾರು. ಗುರುತಿಲ್ಲದ ಹತ್ತು ಜನ, ಒಬ್ಬರ ಹತ್ತಿರ ಒಬ್ಬರು ಮಾತಾಡದೆ, ಸಾಧಾರಣ ಅಂದಿದಾರೆ. ಅವರಿಗೆ ನನ್ನ ಮೇಲೆ ಏನು ಹಗೆ?" ಬೆರಳಿನಿಂದ ಕಿತ್ತ ಜಾಗ ಸವರಿದಳು. "ಕಾಲಿನ ಮೇಲೆ ನನಗೂ ಅನುಮಾನವೇ ಇತ್ತು. ದಪ್ಪ ಆಗಿದ್ದವು."

ಮಿಣುಕಿ ಉಳಿ, ಸುತ್ತಿಗೆ ಎರಡನ್ನೂ ಕಿತ್ತುಕೊಂಡು ಮನೆಗೆ ತಂದು ಇಸ್ತ್ರಿ ಮೇಜಿನ ಕೆಳಗೆ ಒಗೆದಳು. "ಇನ್ನು ಮುಟ್ಟಿದರೆ ನೋಡು," ಅಂದಳು. ದೊಡ್ಡವರಿಗೆ ಹೇಳುವ ಮಾತಲ್ಲ ಅದು. ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ದುರುದುರು ನೋಡಿದಳು. ದೊಡ್ಡಮ್ಮ ಮಾತ್ರ ಕೈಕಾಲು ತೊಳೆದು ಊಟಕ್ಕೆ ಕೂತಳು. ದಿನವಿಡೀ ಕೆಲಸ ಮಾಡಿ ಬಂದವಳ ಹಾಗೆ, ಗಂಭೀರವಾಗಿ ಉಂಡಳು.

ಮುಂದಿನ ಭಾನುವಾರ ಬೆಳಿಗ್ಗೆ ಮಿಣುಕಿ ಮೇಲ್ಸೇತುವೆ ದಾಟಿ ಉದ್ಯಾನದ ಕಾರಂಜಿಯ ಹತ್ತಿರ ಹೋದಳು. ಅವಳ ದಂಡಿನವರು ವಾರಕ್ಕೊಮ್ಮೆ ಸೇರುವುದು ಅಲ್ಲಿ. ಎಲ್ಲರಿಗಿಂತ ಹಳಬ ಒಬ್ಬನಿದ್ದ, ವಿಮಾ ಕಚೇರಿಯಲ್ಲಿ ಕೆಲಸ. ಅವನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಯಾರೂ ಕರೆಯದಿದ್ದರೂ ತಾನೇ ತನ್ನನ್ನು ಹಾಗೆ ಕರೆದುಕೊಳ್ಳುವಂಥವನು. ಕಲ್ಲುಬೆಂಚಿನ ಮೇಲೆ ಎರಡು ಫೋನು ಹಿಡಿದು ಕೂತಿದ್ದ.

"ಸೇತುವೆ ಆಚೆಯ ಓಣಿ ಗೋಡೆ, ಟೈಲ್ಸ್ ಮೀನು. ನಿಮ್ಮ ಪರಿಶೀಲನೆಗೆ ಬಂದಿತ್ತಾ?" ಅಂತ ನಿಂತುಕೊಂಡೇ ಕೇಳಿದಳು.

"ಓ, ಕಾಲಿನ ಮೀನಾ? ಬಂದಿತ್ತು ಬಂದಿತ್ತು. ನಿಂದಾ ಅದು?" ಕ್ಯಾಪ್ಟನ್ ನಕ್ಕ. "ನಾನು ಇಲ್ಲ ಅಂತ ಒತ್ತಿದೆ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆ ಅಂತ ಅವಳು ಎಣಿಸಿರಲಿಲ್ಲ. ದಾರಿಯುದ್ದ ಮಸೆದುಕೊಂಡು ಬಂದಿದ್ದ ಮಾತುಗಳಲ್ಲಿ ಒಂದೇ ಹೊರಬಂತು. "ಯಾಕೆ?"

"ನೋಡಮ್ಮ. ನಕ್ಷೆಯ ಹಳೇ ಬೀದಿ ಫೋಟೊದಲ್ಲಿ ಅಲ್ಲಿ ಏನೂ ಇಲ್ಲ, ಕಸದ ರಾಶಿ. ನೀನು ಕಳಿಸಿದ್ದರಲ್ಲಿ ಜಗಜಗ ಅನ್ನೋ ಮೀನು, ಅದಕ್ಕೆ ಕಾಲು, ತಲೆ ಮೇಲೆ ಕೊಡ. ಈಗಿನ ಕಾಲದಲ್ಲಿ ಯಾರಾದ್ರೂ ನಂಬ್ತಾರಾ? ಕಂಪ್ಯೂಟರ್ ಕೈಲಿ ಬಿಡಿಸಿದ್ದು ಅನ್ನಿಸ್ತು."

"ಸೇತುವೆ ದಾಟಿದರೆ ಗೋಡೆ. ಬಂದು ನೋಡಬಹುದಿತ್ತಲ್ಲ."

"ಪರಿಶೀಲನೆಗೆ ಅಂತ ಯಾರು ನಡ್ಕೊಂಡು ಹೋಗ್ತಾರೆ?"

"ನಡೆಯೋದೇ ಅಲ್ವಾ ಈ ಆಟ?"

ಪಕ್ಕದಲ್ಲಿದ್ದ ಒಂದಿಬ್ಬರು ಫೋನಿನಿಂದ ತಲೆ ಎತ್ತಿದರು. ಕ್ಯಾಪ್ಟನ್ ದನಿ ತಗ್ಗಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದ. "ನಿನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮತ ಕೊನೆಯ ತೀರ್ಮಾನಕ್ಕೆ ಹೊಂದಿದರೆ ನಮ್ಮ ಹೆಸರಿನ ಮುಂದೆ ಹಸಿರು. ಹೊಂದದಿದ್ದರೆ ಹಳದಿ, ಆಮೇಲೆ ಕೆಂಪು. ಕೆಂಪಾದವನ ಮತಕ್ಕೆ ಬೆಲೆ ಇಲ್ಲ. ಹಾಗಾಗಿ ಅದು ಇದೆಯಾ ಇಲ್ಲವಾ ಅಂತ ನೋಡೋಕಾಗಲ್ಲ. ಉಳಿದವರು ಏನು ಒತ್ತುತ್ತಾರೆ ಅಂತ ನೋಡಬೇಕು. ಕಾಲಿನ ಮೀನಿಗೆ ಎಲ್ಲರೂ ಇಲ್ಲ ಅಂತಾರೆ ಅಂತ ನನಗೆ ಗೊತ್ತಿತ್ತು. ಅಂದರು."

"ಎಲ್ಲರೂ ಹಾಗೇ ಅಂದ್ಕೊಂಡು ಒತ್ತಿದರೆ ನೋಡಿದವರು ಯಾರು?"

ಕ್ಯಾಪ್ಟನ್ ಭುಜ ಕುಣಿಸಿದ. ಮಿಣುಕಿಗೆ ಮೈಯೆಲ್ಲ ಉರಿಯಿತು. ಉರಿಗೆ ತುಪ್ಪ ಹೊಯ್ದದ್ದು ಇನ್ನೊಂದು. ಅವನು ಹೇಳಿದ ಗುಟ್ಟು ಅವಳಿಗೂ ಹೊಸದಲ್ಲ, ಅವಳ ಹೆಸರಿನ ಮುಂದೆಯೂ ಹಸಿರೇ ಇತ್ತು. ಯಾರಾರ ಓಣಿಯ ಯಾವ್ಯಾವ ಗೋಡೆಗೆ ತಾನು ಬಸ್ಸಿನಲ್ಲಿ ತೂಕಡಿಸುತ್ತ ಏನೇನು ಒತ್ತಿದ್ದಳೋ.

"ಈಗೇನಾಯ್ತು, ಮತ್ತೆ ಕಳಿಸು," ಅಂದ ಕ್ಯಾಪ್ಟನ್. "ನಮ್ಮವರೆಲ್ಲ ಹೌದು ಅಂತೀವಿ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ಹೂಕುಂಡ ಇದೆ, ಅದನ್ನೂ ಕಳಿಸಿದೀನಿ, ನೀನು ಅದಕ್ಕೆ ಹೌದು ಅನ್ನು. ನಿನ್ನ ಮೀನಿನ ಕಾಲು ಮಾತ್ರ ಫೋಟೊದಲ್ಲಿ ಕಾಣದ ಹಾಗೆ ಮಾಡು. ಅದೇ ಎಡವಟ್ಟು."

"ಕಾಲು ಹೋಯ್ತು. ನೀವು ಬೇಡ ಅಂದಿರಿ ಅಂತ, ಮಾಡಿದವರೇ ಕಿತ್ತು ಹಾಕಿದರು."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತಲ್ಲ."

ಕಾರಂಜಿಯ ನೀರು ತೆಗೆದು ಅವನ ಮುಖಕ್ಕೆ ಎರಚಬೇಕು ಅನ್ನಿಸಿತು. ಎರಚಲಿಲ್ಲ. "ನಿಮ್ಮ ಹೂಕುಂಡಕ್ಕೆ ನೀವೇ ನಮಸ್ಕಾರ ಹಾಕ್ಕೊಳ್ಳಿ" ಅಂದು ತಿರುಗಿ ನಡೆದಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಸೇತುವೆ ಮೇಲೆ ಬರುವಾಗ ಹೇಳಬೇಕಿದ್ದ ಮಾತುಗಳು ಒಂದೊಂದಾಗಿ ಚೆನ್ನಾಗಿ ನೆನಪಾದವು. ಬಾಯಿಗೆ ಬಂದದ್ದನ್ನೆಲ್ಲ ಲಾರಿಗಳಿಗೆ ಬೈದುಕೊಂಡು ದಾಟಿದಳು.

ಓಣಿಗೆ ಬಂದರೆ ಮೀನು ಇರಲಿಲ್ಲ.

ಗೋಡೆ ಪೂರ್ತಿ ಬೋಳು. ಮೈ ಇದ್ದ ಕಡೆ ಸಿಮೆಂಟಿನ ಗಾಯ, ಅಲ್ಲಲ್ಲಿ ಉಳಿ ಆಳಕ್ಕೆ ಇಳಿದ ಗುಳಿಗಳು. ಒಂದು ಮೂಲೆಯಲ್ಲಿ ಕೊಡ ಮಾತ್ರ ಉಳಿದಿತ್ತು, ಹೊರುವವರಿಲ್ಲದೆ. ನೀಲಿ, ಹಸಿರು, ಬಿಳಿ ಪುಡಿಯಾಗಿ ಬುಡದಲ್ಲಿ ಗುಡ್ಡೆ ಬಿದ್ದಿತ್ತು. ಒಮ್ಮೆ ಕೂತ ಚೂರು ಇಡಿಯಾಗಿ ಏಳುವುದಿಲ್ಲ. ದೊಡ್ಡಮ್ಮ ಪಕ್ಕದ ಮನೆಯವರ ಉಳಿ ಇಸಿದುಕೊಂಡಿದ್ದಳು. ಕೂದಲು, ರೆಪ್ಪೆ, ಸೀರೆ ಎಲ್ಲ ಬೂದಿ. ಅಮ್ಮ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ನಾನು ಹೇಳಿದೆ," ಅಂದಳು ಅಮ್ಮ, ಮಿಣುಕಿಯ ಮುಖ ನೋಡಿ. "ಕೇಳೋ ಜಾತಿಯಾ ಇವಳು? ತೇಪೆ ಹಾಕಿದರೆ ಜೋಡಣೆ ಎದ್ದು ಕಾಣುತ್ತಂತೆ. ಕಿತ್ತರೆ ಪೂರ್ತಿ ಕೀಳಬೇಕಂತೆ."

ಮಿಣುಕಿ ಕಿರುಚಿದಳು. ಏನು ಕಿರುಚಿದಳು ಅಂತ ಆಮೇಲೆ ಅವಳಿಗೇ ನೆನಪಿರಲಿಲ್ಲ. ಓಣಿಯ ಬಾಗಿಲುಗಳಲ್ಲಿ ತಲೆಗಳು ಮೂಡಿದವು. ದೊಡ್ಡಮ್ಮ ಕೇಳಿಸಿಕೊಂಡು, ಚೊಂಬು ತೆಗೆದುಕೊಂಡು ನೀರು ಕುಡಿದು, ಬಾಯಿ ಒರೆಸಿಕೊಂಡಳು.

"ನಿನಗ್ಯಾಕೆ ಇಷ್ಟು ಸಿಟ್ಟು? ಕಿತ್ತವಳು ನಾನು, ಹಾಕೋಳೂ ನಾನೇ. ಈ ಸಲ ಅವರು ಬೆರಳು ತೋರಿಸೋಕೆ ಜಾಗ ಸಿಗದ ಹಾಗೆ ಹಾಕ್ತೀನಿ."

ಆ ಮಾತಿನಲ್ಲಿ ಉತ್ಸಾಹ ಇತ್ತು. ಅದನ್ನು ಕೇಳಿಯೇ ಮಿಣುಕಿಗೆ ಕಣ್ಣು ತುಂಬಿದ್ದು.

ಆದರೆ ದೊಡ್ಡಮ್ಮ ಹಾಕಲಿಲ್ಲ. ಮೂಟೆಯಲ್ಲಿದ್ದ ಚೂರು ಹರಡಿಕೊಂಡು ಗೋಡೆಯ ಮುಂದೆ ಕೂರುವಳು. ಒಂದು ಎತ್ತಿ, ತಿರುಗಿಸಿ ನೋಡಿ, "ಇದು ಸಾಧಾರಣ ಅಲ್ವಾ?" ಅಂತ ಕೇಳುವಳು. ಇನ್ನೊಂದು ಎತ್ತಿ, "ಇದಕ್ಕೇನಂತಾರೋ" ಅನ್ನುವಳು. ಕೊನೆಗೆ ಹಾಗೇ ಎದ್ದು ಮನೆಗೆ ಬರುವಳು. ಯಾರ ಅಪ್ಪಣೆಯನ್ನೂ ಕಾಯದೆ ಕಸದ ಗೋಡೆಯಲ್ಲಿ ಮೀನು ಮೂಡಿಸಿದ ಕೈ ಅದು. ಈಗ ಒಂದು ಚೂರಿಗೂ ಹತ್ತು ಜನರ ಮುಖ ನೋಡುತ್ತಿತ್ತು, ಮುಖವೇ ಇಲ್ಲದ ಹತ್ತು ಜನರದು. ಗೋಡೆ ಹೋದರೆ ಹೋಯಿತು, ದೊಡ್ಡಮ್ಮನ ಕೈಯೇ ಹೋಗುತ್ತಿದೆ ಅಂತ ಮಿಣುಕಿಗೆ ದಿಗಿಲಾಯಿತು. ರಮಿಸಿ ಸಮಾಧಾನ ಹೇಳಿದಳು, ಗದರಿದಳು, ಪರಿಶೀಲಕರನ್ನು ವಾಚಾಮಗೋಚರ ಬೈದಳು. ಯಾವುದೂ ನಾಟಲಿಲ್ಲ.

ಹೀಗಿರುವಾಗ ಮೇಲ್ಮನವಿಗೆ ಉತ್ತರ ಬಂತು. ಕಂಪನಿಯವರು ಒಪ್ಪಿಬಿಟ್ಟಿದ್ದರು. 'ವಿಶಿಷ್ಟ ಸಾರ್ವಜನಿಕ ಕಲಾಕೃತಿ. ಅಭಿನಂದನೆಗಳು.'

ಸಂಜೆ ಮಿಣುಕಿ ಮನೆಗೆ ಬರುವ ಹೊತ್ತಿಗೆ ಬೂದಿ ಬಣ್ಣದ ನಕ್ಷೆಯಲ್ಲಿ ಓಣಿಯ ತಿರುವಿಗೆ ಸರಿಯಾಗಿ ಒಂದು ಠಾಣೆ ಮಿನುಗುತ್ತಿತ್ತು. ಮುಟ್ಟಿದರೆ ಮೀನು. ಕಾಲು ಇದ್ದ, ಹೊಳೆಯುವ, ಕೊಡ ಹೊತ್ತ ಇಡಿಯ ಮೀನು. ಗೋಡೆಯ ಮುಂದೆ ಮೇಲ್ಸೇತುವೆ ಆಚೆಯ ನಾಲ್ಕಾರು ಜನ ಫೋನು ಹಿಡಿದು ನಿಂತು, ಒಮ್ಮೆ ಫೋನು, ಒಮ್ಮೆ ಗೋಡೆ ನೋಡುತ್ತಿದ್ದರು. ಗೋಣಿಚೀಲದ ಮೇಲೆ ದೊಡ್ಡಮ್ಮ.

"ಯಾರೇ ಇವರೆಲ್ಲ?" ಅಂತ ಕೇಳಿದಳು.

ಮುಚ್ಚಿಟ್ಟು ಪ್ರಯೋಜನ ಇರಲಿಲ್ಲ. ಮಿಣುಕಿ ಪಕ್ಕದಲ್ಲಿ ಕೂತು ಫೋನು ತೋರಿಸಿದಳು. "ಪಾಸಾಯ್ತು."

"ಯಾವುದು?"

"ಮೀನು."

"ಈ ಮೀನಾ? ನಾನು ಕಿತ್ತದ್ದಾ?"

"ಹೂಂ."

"ಇದೇ ಫೋಟೊನಾ ಬೇಡ ಅಂದಿದ್ದು?"

"ಅದೇ ಫೋಟೊ, ಅದೇ ಬರಹ. ಒಂದಕ್ಷರ ಬದಲಾಗಿಲ್ಲ."

ದೊಡ್ಡಮ್ಮ ಫೋನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖದಲ್ಲಿ ಮಿಣುಕಿ ಹುಟ್ಟಿದಂದಿನಿಂದ ಕಾಣದ ಒಂದು ಬಣ್ಣ ಏರಿತು.

"ಅದೇ ಕೆಲಸವನ್ನ ಮೊದಲು ಬೇಡ ಅಂದು, ಆಮೇಲೆ ಭೇಷ್ ಅನ್ನೋ ಮೇಸ್ತ್ರಿಗೆ ನಮ್ಮಲ್ಲಿ ಏನಂತಾರೆ ಗೊತ್ತಾ?" ಅಂದಳು. "ಗಾಡಿಯಿಂದ ಇಳಿದೇ ಇಲ್ಲ ಅವನು, ಅಂತಾರೆ. ಒಳಗೇ ಕೂತು ಕೈ ಬೀಸಿ ಹೋದ, ಅಂತಾರೆ. ಅಂಥವನು ಕೀಳು ಅಂದರೆ ಕಸುಬು ಗೊತ್ತಿರೋ ಯಾರೂ ಕೀಳಲ್ಲ. ನಾನು ಕಿತ್ತೆ ಕಣೆ. ನನ್ನ ಕೈಯಾರೆ. ಕಾಲಿಂದ ಶುರು ಮಾಡಿ."

ಫೋನನ್ನು ಮಿಣುಕಿಯ ಮಡಿಲಿಗೆ ಬಿಸುಟು ಎದ್ದಳು. ಮಂಡಿ ಲಟಕ್ ಅಂದಿತು. ನಿಂತಿದ್ದವರ ಕಡೆ ತಿರುಗಿ, "ಏನು ನೋಡ್ತಿದೀರಿ? ಇದ್ದಾಗ ಎಲ್ಲಿದ್ರಿ?" ಅಂತ ಕೇಳಿದಳು. ಅವರಲ್ಲೊಬ್ಬಳು ಹುಡುಗಿ ಪಾಪ, "ಸಾರಿ ಆಂಟಿ" ಅಂದಳು. "ನಿನ್ನ ಸಾರಿ ತಗೊಂಡು ಗೋಡೆಗೆ ಮೆತ್ತಲಾ?" ಅಂದಳು ದೊಡ್ಡಮ್ಮ. ಅವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಇಲ್ಲದ ಮೀನಿನ ಠಾಣೆ ನಮ್ಮ ಗೋಡೆಗೆ ಬೇಡ ಅಂತ ಮಿಣುಕಿ ಅವತ್ತೇ ಬೋಳು ಗೋಡೆಯ ಫೋಟೊ ತೆಗೆದು, 'ಈಗ ಇಲ್ಲಿ ಏನೂ ಇಲ್ಲ, ತೆಗೆದುಹಾಕಿ' ಅಂತ ಕಳಿಸಿದಳು. ಅದೂ ಪರಿಶೀಲಕರ ಮತಕ್ಕೇ ಹೋಯಿತು. ಅವರು ನೋಡಿ, ಅಥವಾ ನೋಡದೆ, ತೀರ್ಪು ಕೊಟ್ಟರು: 'ಠಾಣೆ ಸ್ಥಳದಲ್ಲೇ ಇದೆ. ಮನವಿ ತಿರಸ್ಕೃತ.' ಇದ್ದಾಗ ಇಲ್ಲ ಅಂದವರು ಇಲ್ಲದಾಗ ಇದೆ ಅಂದರು. ಮಿಣುಕಿ ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಲೆನ್ಸು ಉಜ್ಜುವ ಯಂತ್ರ ಜೋರಾಗಿ ಹಾಕಿ, ಅದರ ಸದ್ದಿನಲ್ಲಿ ಮನಸ್ಸು ದಣಿಯುವವರೆಗೆ ಬೈದಳು. ಆಮೇಲೆ ಪರಿಶೀಲನೆಯ ಪಟ್ಟಿಯಿಂದ ತನ್ನ ಹೆಸರು ತೆಗೆಸಿಬಿಟ್ಟಳು, ಹಸಿರು ಬಣ್ಣದ ಸಮೇತ.

ಸಿಟ್ಟು ಒಬ್ಬೊಬ್ಬರಿಗೆ ಒಂದೊಂದು ಮಾಡುತ್ತದೆ. ದೊಡ್ಡಮ್ಮನಿಗೆ ಅದು ಮದ್ದಾಯಿತು. ಕೆಲವು ದಿನ ಯಾರ ಹತ್ತಿರವೂ ಮಾತಾಡದೆ ಧುಮುಗುಟ್ಟಿಕೊಂಡು ಓಡಾಡಿದಳು. ಟೈಲ್ಸ್ ಅಂಗಡಿಗೆ ತಾನೇ ಹೋಗಿ, ಒಡೆದು ಬಿಸಾಕಿದ್ದ ಪೆಟ್ಟಿಗೆ ಕೇಳಿ ಹೊರಿಸಿಕೊಂಡು ಬಂದಳು. ಅಂಗಡಿಯವನು, "ಯಾವುದು ಬೇಕೋ ಆರಿಸ್ಕೋ ಅಮ್ಮ" ಅಂದರೆ, "ಆರಿಸೋಕೆ ನೀನ್ಯಾರು ನಾನ್ಯಾರು, ಎಲ್ಲ ತುಂಬು" ಅಂದಳಂತೆ. ಒಂದು ರಜೆಯ ದಿನ ಬೆಳಿಗ್ಗೆ ಮಿಣುಕಿಯ ಕೈಗೆ ಬಕೆಟ್ಟು ಕೊಟ್ಟು, "ನಡಿ" ಅಂದಳು.

"ಮತ್ತೆ ಮೀನಾ?"

"ಅದು ಹೋಯ್ತು. ಹೋದದ್ದನ್ನ ಎಬ್ಬಿಸಬಾರದು."

"ಹಾಗಾದ್ರೆ ಏನು?"

"ಹಾಕ್ತಾ ಹಾಕ್ತಾ ಗೊತ್ತಾಗುತ್ತೆ. ಗಾರೆ ನೀರಾಗದ ಹಾಗೆ ಕಲಸು ಮೊದಲು."

ಗುಳಿ ಬಿದ್ದ 'ಗಾಯ'ಗಳಿಗೆಲ್ಲ ಗಾರೆ ತುಂಬಿ, ಅದರ ಮೇಲೆ ದಟ್ಟ ಕೆಂಪು ಚೂರುಗಳು ಒತ್ತಾಗಿ ಕೂರತೊಡಗಿದವು. ಹೂವೋ, ಬೆಂಕಿಯೋ, ಯಾರದೋ ತೆರೆದ ಬಾಯೋ ಹೇಳಲು ಬರುತ್ತಿರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಕ್ಯಾಪ್ಟನ್ ಬಂದ. ಅವನ ದಂಡಿಗೆ ಈ ಠಾಣೆ ಈಗ ಬೇಕಾಗಿತ್ತು, ಅದನ್ನು ಹಿಡಿಯಲು ಬಂದವನು. ಸ್ಕೂಟರ್ ನಿಲ್ಲಿಸಿ, ಸ್ವಲ್ಪ ಹೊತ್ತು ನೋಡಿ, ಗಂಟಲು ಸರಿಮಾಡಿಕೊಂಡ.

"ಆಂಟಿ, ತಪ್ಪು ತಿಳ್ಕೋಬೇಡಿ. ಹಳೇ ಮೀನನ್ನೇ ಹಾಕಿಬಿಟ್ಟರೆ ಫೋಟೊಗೆ ಹೊಂದುತ್ತೆ. ಇಲ್ಲಾಂದ್ರೆ ಯಾವತ್ತಾದ್ರೂ ಯಾರಾದ್ರೂ ತಕರಾರು ತೆಗೀತಾರೆ. ಕಾಲು ಗೀಲು ಎಲ್ಲ ಇರಲಿ, ಪರವಾಗಿಲ್ಲ."

ದೊಡ್ಡಮ್ಮ ತಿರುಗಲಿಲ್ಲ. "ಯಾರೇ ಇದು?"

"ಮೀನು ಬೇಡ ಅಂದಿದ್ದರಲ್ಲ ಹತ್ತಾರು ಜನ," ಅಂದಳು ಮಿಣುಕಿ. "ಅವರಲ್ಲಿ ಒಬ್ಬರು."

ಆಗ ತಿರುಗಿದಳು. ಕೆಳಗಿನಿಂದ ಮೇಲಿನವರೆಗೆ, ಬೂಟು, ಪ್ಯಾಂಟು, ಎರಡು ಫೋನು, ಮುಖ, ಎಲ್ಲವನ್ನೂ ನೋಡಿದಳು. ಇಷ್ಟು ದಿನ ಯಾರ ಮಾತಿಗೆ ಹೆದರಿ ಒಂದು ಚೂರೂ ಮೆತ್ತದೆ ಕೂತಿದ್ದಳೋ ಅವನು ಹೀಗಿದ್ದ.

"ಇವನಾ," ಅಂದಳು. ಅಷ್ಟೇ. ಮತ್ತೆ ಅವನಿಗೆ, "ಫೋಟೊದಲ್ಲಿರೋದು ಬೇಕಾದ್ರೆ ಫೋನಲ್ಲಿದೆಯಲ್ಲಪ್ಪ, ಅಲ್ಲೇ ನೋಡ್ಕೋ. ಇವತ್ತು ಗಾಡಿ ಇಳಿದು ಬಂದಿದೀಯ, ಒಳ್ಳೇದು. ನಿಂತು ನೋಡು, ಬೇಡ ಅನ್ನಲ್ಲ. ಹೇಳೋಕೆ ಮಾತ್ರ ಬಾಯಿ ಬಿಡಬೇಡ."

ಕ್ಯಾಪ್ಟನ್ ಬಾಯಿ ತೆರೆದ, ಮಿಣುಕಿ ಬಕೆಟ್ಟು ಎತ್ತಿದ ರೀತಿ ನೋಡಿ ಮುಚ್ಚಿದ. ಸ್ಕೂಟರ್ ಹೊರಟ ಸದ್ದು ಏರಿನಲ್ಲಿ ಸಣ್ಣಗಾಗುವವರೆಗೂ ದೊಡ್ಡಮ್ಮ ಕರಣೆ ಹಿಡಿದು ಹಾಗೇ ಕೂತಿದ್ದಳು. ಆಮೇಲೆ ಆಗ ತಾನೇ ಕೂರಿಸಿದ್ದ ಕೆಂಪು ಚೂರನ್ನು ಕರಣೆಯ ಹಿಡಿಯಿಂದ ಕುಟ್ಟಿ, ಕಿವಿಯಿಟ್ಟು ಆಲಿಸಿದಳು. ಒಳಗೆ ಪೊಳ್ಳು ಸದ್ದು, ಗಾರೆ ಸರಿಯಾಗಿ ತುಂಬಿರಲಿಲ್ಲ. ತುಟಿ ಹೊರಳಿಸಿ ಉಳಿ ಕೈಗೆತ್ತಿಕೊಂಡಳು.

ಮಿಣುಕಿ ಬಕೆಟ್ಟು ಕೆಳಗಿಟ್ಟಳು. "ದೊಡ್ಡಮ್ಮ, ಬೇಡ."

"ಸುಮ್ನಿರೆ," ಅಂದಳು ದೊಡ್ಡಮ್ಮ, ಒಂದೇ ಏಟಿಗೆ ಚೂರು ಎಬ್ಬಿಸುತ್ತ. "ಇದು ನಾನು ನೋಡಿ ಬೇಡ ಅಂದದ್ದು. ಬೇರೆ ಕೊಡು."